ಸೇತುವೆಯ ಪುಟದ ಎಲೆ

ಅಂಕಲಿ,
೨೦ ಅಕ್ಟೋಬರ್ ೨೦೨೪

ಪ್ರೀತಿಯ ಶೀತಲಾ,

ಕೊಲ್ಹಾಪುರದಲ್ಲಿ ಹೇಗಿದ್ದೀ? ಹೋಗುವಾಗ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಹಾಸ್ಟೆಲಿನ ಊಟ ಬಿಟ್ಟು ದಿನಾ ಖಾರದ ಮಿಸಳ ತಿಂದರೆ ಕೆಮ್ಮು ಹೇಗೆ ಹೋದೀತು? ನಿಮ್ಮಜ್ಜಿ ಲಕ್ಕವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯನ್ನು ಗೆಳತಿಯರಿಗೆ ಹಂಚಿ ಮುಗಿಸಿರುತ್ತೀ, ಅದೂ ಗೊತ್ತು. ಇಲ್ಲಿ ನನ್ನ ಮೊಣಕಾಲು ಹೇಳಿದ ಮಾತು ಕೇಳುತ್ತಿಲ್ಲ, ಅಜ್ಜಿಯ ಬಿಪಿ ಮಾತ್ರ ಹತೋಟಿಯಲ್ಲಿದೆ. ಇಷ್ಟು ಕೇಳಲು ಫೋನು ಸಾಲದೇ ಎನ್ನಬೇಡ. ಫೋನು ಹಚ್ಚಿದರೆ ನೀನು "ಅಜ್ಜಾ, ಕ್ಲಾಸ್ ಐತಿ, ಆಮ್ಯಾಲ ಮಾಡ್ತೀನಿ" ಅನ್ನುತ್ತೀ. ದಸರೆ ಮುಗಿದು ವಾರವಾಯಿತು, ಆ ಆಮೇಲೆ ಇನ್ನೂ ಬಂದಿಲ್ಲ. ಯಾಕೆ ಬಂದಿಲ್ಲವೆಂದು ನಿನ್ನೆ ತಿಳಿಯಿತು.

ಖಂಡೇನವಮಿಯ ಆಯುಧಪೂಜೆಯ ದಿನವನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ನಿಮ್ಮಣ್ಣ ಅಮಿತನ ಹೊಸ ಟ್ರ್ಯಾಲಿಯನ್ನು ತೊಳೆದು, ಪೂಜೆಗೆ ನಿಲ್ಲಿಸಿ, ನೀನು ಮೇಲೆ ಹೊದಿಸಿದ ತಾಡಪಾಲು ಎಳೆದಾಗ ನಾನು ಕುಳಿತಲ್ಲಿಂದ ಎದ್ದೇಬಿಟ್ಟೆ. ಊರಿನವರ ಕಬ್ಬಿನ ಟ್ರ್ಯಾಲಿಗಳ ಮೇಲೆಲ್ಲ ಹುಲಿ, ಗರುಡ, ಇಲ್ಲವೇ ಮರಾಠಿಯಲ್ಲಿ ತಾಯಿಯ ಹರಕೆ, "ಆಯೀಚಾ ಆಶೀರ್ವಾದ". ನಮ್ಮದರ ಬೆನ್ನ ಮೇಲೆ ನಾನು ಜೋಪಾನ ಮಾಡಿದ ಚಿತ್ರಕಥೆ ಪುಸ್ತಕದ ಮುರಿದ ಸೇತುವೆ, ನೀನೇ ಬಿಡಿಸಿದ್ದು! ಕೆಳಗೆ ಬತ್ತಿದ ಹೊಳೆ, ಮೇಲೆ ಗಂಟು ಹೊತ್ತ ಹೆಣ್ಣುಮಗಳು, ಅವಳ ಹಿಂದೆ ಒಂದೇ ಕೋಡಿನ ಎಮ್ಮೆ. ಮಗ್ಗುಲ ಮನೆಯ ದುಂಡವ್ವ ಯಾವುದೋ ದೇವಿಯೆಂದು ತಿಳಿದು ಆ ಹೆಣ್ಣುಮಗಳ ಹಣೆಗೆ ಕುಂಕುಮ ಹಚ್ಚಿ, ಎಮ್ಮೆಗೂ ಅರಿಸಿನ ಬಳಿದು ಕೈಮುಗಿದಳು. ನೀನು ನಕ್ಕು, "ಅಜ್ಜಾ, ಇದು ನಿನ್ನ ಸಲುವಾಗಿ" ಎಂದೆ. ನಾಲ್ಕು ಮಂದಿಯ ಎದುರು ನಾನು ಗಳಗಳ ಅತ್ತುಬಿಟ್ಟೆ. ಅತ್ತದ್ದಕ್ಕೆ ಈಗ ನಾಚಿಕೆಯಾಗುತ್ತಿದೆ.

ಆ ಪುಸ್ತಕಗಳು ನನಗೆ ಏನೆಂದು ಈ ಮನೆಯಲ್ಲಿ ನಿನಗೊಬ್ಬಳಿಗೇ ಗೊತ್ತಿತ್ತು. ಕಾಲೇಜಿನ ಹುಡುಗನಾಗಿದ್ದಾಗ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮೊದಲ ಸಲ 'ಉರಲೇಲೆ' ನೋಡಿದೆ. ಮರಾಠಿ ಹೆಸರು, ಅಂದರೆ ಉಳಿದವರು. ಲೋಕವೆಲ್ಲ ನಾಶವಾದ ಮೇಲೆ ಉಳಿದ ನಾಲ್ಕಾರು ಜನ ನೀರು ಹುಡುಕಿ ನಡೆಯುವ ಕಥೆ. ಮಾತು ಬಹಳ ಕಡಿಮೆ, ಎಲ್ಲವೂ ಚಿತ್ರದಲ್ಲೇ. ತುಕ್ಕು ಹಿಡಿದ ಯಂತ್ರಮಾನವ ನಿಂತಲ್ಲೇ ನಿಂತು, ಅವನ ಎದೆಗೂಡಿನಲ್ಲಿ ಗುಬ್ಬಿ ಗೂಡು ಕಟ್ಟಿದ ಪುಟ ನೆನಪಿದೆಯಲ್ಲ? ಬರೀ ಕರಿ ಗೀಟಿನ ಮೇಲೆ ಗೀಟು ಎಳೆದು ತುಕ್ಕಿನ ವಾಸನೆ ಬರುವಂತೆ ಮಾಡಿದ್ದ ಅದರ ಚಿತ್ರ ಬರೆದ ಪುಣ್ಯಾತ್ಮ. ಪುಟ ಸುದ್ದಿಪತ್ರಿಕೆಯಷ್ಟು ದೊಡ್ಡದು, ಅಚ್ಚು ಅಗ್ಗದ್ದು, ಕೆಂಪು ಬಣ್ಣ ಗೆರೆ ದಾಟಿ ಆಚೆ ಜಾರಿರುತ್ತಿತ್ತು. ಹಾಗೆ ಜಾರಿದ್ದರಿಂದಲೇ ಆ ಸೂರ್ಯ ಜ್ವರ ಬಂದವನಂತೆ ಕಾಣುತ್ತಿದ್ದ. ವರ್ಷ ಕಳೆದಂತೆ ಕಾಗದ ಹಳದಿಯಾಗಿ, ಆ ಆಕಾಶ ಅಚ್ಚಾದ ದಿನಕ್ಕಿಂತ ಚೆಂದವಾಯಿತು. ನಿನ್ನ ಚಿತ್ರಕಲಾ ಕಾಲೇಜಿನ ಮೇಷ್ಟ್ರುಗಳು ಏನೇ ಅನ್ನಲಿ, ಅಂಥ ಬಂಜರು ಭೂಮಿಯನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆತ ಎಲ್ಲಿಯೂ ಹೆಸರು ಹಾಕಲಿಲ್ಲ. ಅದರ ಬದಲು ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಎಲೆ ಬಚ್ಚಿಡುತ್ತಿದ್ದ. ಸತ್ತ ಲೋಕದಲ್ಲಿ ಒಂದೇ ಒಂದು ಜೀವಂತ ಎಲೆ. ನೀನು ಲಂಗ ಹಾಕುವ ವಯಸ್ಸಿನಿಂದ ನಾವಿಬ್ಬರೂ ಅದನ್ನೇ ಹುಡುಕಿದೆವು. ಯಾರಿಗೆ ಸಿಕ್ಕರೂ ಇನ್ನೊಬ್ಬರನ್ನು ಕೂಗಿ ಕರೆಯಬೇಕು, ಎಲ್ಲಿದ್ದರೂ ಸರಿ, ಅದೇ ನಮ್ಮ ಕರಾರು. ಒಮ್ಮೆ ನೀನು "ಅಜ್ಜಾ, ಎಲಿ ಸಿಕ್ತು!" ಎಂದು ಚೀರುತ್ತ ಗದ್ದೆಯವರೆಗೆ ಓಡಿ ಬಂದಿದ್ದೆ. ನಾನು ಕಬ್ಬಿಗೆ ಬಿಟ್ಟ ನೀರು ಮರೆತು ನಿನ್ನೊಡನೆ ಕುಳಿತೆ, ನೀರೆಲ್ಲ ಪಕ್ಕದವರ ಹೊಲಕ್ಕೆ ಹೋಯಿತು, ಅಜ್ಜಿ ಇಬ್ಬರಿಗೂ ಬೈದಳು. ಎಲ್ಲ ಎಲೆ ಸಿಕ್ಕವು. ಕಡೆಯ ಸಂಚಿಕೆಯ ಕೊನೆಯ ಪುಟ, ಆ ಸೇತುವೆಯ ಪುಟದ್ದೊಂದು ಮಾತ್ರ ಇಬ್ಬರಿಗೂ ಸಿಗಲಿಲ್ಲ. ಅದನ್ನು ನೋಡದೆ ನಾನು ಕಣ್ಣು ಮುಚ್ಚುವುದಿಲ್ಲ ಎಂದು ಹಟ ಹಿಡಿದಿದ್ದೆ, ನೀನು ನನ್ನನ್ನು ಅದಕ್ಕೇ ಅಣಕಿಸುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಪುಸ್ತಕಗಳಿಗೆ ಬಿಸಿಲು ತೋರಿಸಿ ಹೊಸ ಬೇವಿನ ಸೊಪ್ಪು ಇಡುವ ರೂಢಿ ನಿನಗೆ ಗೊತ್ತೇ ಇದೆ. ನಿನ್ನೆ ಟ್ರಂಕು ತೆರೆದೆ. ಕಡೆಯ ಸಂಚಿಕೆ ಎಲ್ಲಕ್ಕಿಂತ ತಳದಲ್ಲಿ, ಬೋರಲಾಗಿತ್ತು. ಸೇತುವೆಯ ಪುಟ ಹೊಲಿಗೆಯಿಂದ ಬೇರೆಯಾಗಿತ್ತು. ಬೆರಳಾಡಿಸಿದರೆ ಗೆರೆಗೆರೆಗೂ ಸೂಜಿಯ ತೂತು, ಮೇಲೆಲ್ಲ ಇದ್ದಿಲ ಪುಡಿಯ ಮಸಿ. ಟ್ರ್ಯಾಲಿ ಪೇಂಟರುಗಳ ಕೆಲಸದ ರೀತಿ ನನಗೂ ಗೊತ್ತು. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೆರೆ ತೆಗೆದು, ಆ ಪೇಪರಿಗೆ ತೂತು ಚುಚ್ಚಿ, ಬಟ್ಟೆಯ ಗಂಟಿನಲ್ಲಿ ಇದ್ದಿಲ ಪುಡಿ ಕಟ್ಟಿ ಒತ್ತುತ್ತಾರೆ, ತಗಡಿನ ಮೇಲೆ ಚುಕ್ಕಿ ಮೂಡುತ್ತದೆ. ನೀನು ಟ್ರೇಸಿಂಗ್ ಪೇಪರಿನ ಗೊಡವೆಗೇ ಹೋಗದೆ ನನ್ನ ಪುಟವನ್ನೇ ಚುಚ್ಚಿದೆ. ನಾನು ಅಮಿತನನ್ನು ಗದರಿಸಿದೆ. "ಟ್ರೇಸಿಂಗ್ ಪೇಪರ್ ತರಾಕ ಚಿಕ್ಕೋಡಿಗೆ ಹೋಗಂದ್ಳು, ನಾ ಹೋಗಲಿಲ್ಲ. ಪೂಜಿ ನಾಳೀನ ಇತ್ತಲ್ಲ. ಅಜ್ಜಾಗ ಹೇಳಬ್ಯಾಡ ಅಂದಿದ್ಳು" ಎಂದು ತಲೆ ಕೆರೆದುಕೊಂಡ. ಅಜ್ಜಿಯಂತೂ "ಹಳೇ ಹಾಳಿ, ಅದಕ್ಯಾಕ ಇಷ್ಟು ಸಿಟ್ಟು?" ಅಂದಳು. ಮನೆಗೆಲ್ಲ ಗೊತ್ತು, ಗೊತ್ತಿಲ್ಲದವನು ನಾನೊಬ್ಬನೇ.

ನನಗೆ ಮೋಸವಾಯಿತು ಶೀತಲಾ. ಇದನ್ನು ಸುತ್ತಿ ಬಳಸಿ ಹೇಳಲಾರೆ. ಬೇರೆ ಯಾರಾದರೂ ಆ ಹಾಳೆಯಲ್ಲಿ ಚುರಮುರಿ ಕಟ್ಟಿದ್ದರೆ ಅವರಿಗೆ ಬೆಲೆ ಗೊತ್ತಿಲ್ಲ ಎಂದು ಸುಮ್ಮನಾಗುತ್ತಿದ್ದೆ. ನಿನಗೆ ಗೊತ್ತಿತ್ತು. ನೀನು ಬಂದು "ಅಜ್ಜಾ, ಬ್ಯಾರೆ ದಾರಿ ಇಲ್ಲ" ಎಂದಿದ್ದರೆ ಕೂಗಾಡಿ, ಒಂದು ಹೊತ್ತು ಊಟ ಬಿಟ್ಟು, ಕಡೆಗೆ ಸೂಜಿ ನಾನೇ ತಂದುಕೊಡುತ್ತಿದ್ದೆನೋ ಏನೋ. ಚುಚ್ಚಿದ ಪುಟವನ್ನು ಬೋರಲು ಇಟ್ಟು, ಮರುದಿನ ನನ್ನ ಎದುರು ನಗುತ್ತ ನಿಂತೆಯಲ್ಲ, ಅದು ನುಂಗಲಾರದ ತುತ್ತಾಗಿದೆ. ಟ್ರ್ಯಾಲಿ ಅಂಗಳದಲ್ಲೇ ನಿಂತಿದೆ. ಬಂದವರು ಹೊಗಳುತ್ತಾರೆ, ನಾನು ಆ ಕಡೆ ಮುಖ ಮಾಡುವುದಿಲ್ಲ.

ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೋ. ರಾತ್ರಿ ಹಾಲಿಗೆ ಅರಿಸಿನ ಹಾಕಿ ಕುಡಿ. ದೀಪಾವಳಿಗೆ ಬೇಗ ಬಾ ಎಂದು ಅಜ್ಜಿ ಹೇಳಿದ್ದಾಳೆ. ಸಿಟ್ಟಿನಲ್ಲಿದ್ದರೂ ಅಜ್ಜನ ಆಶೀರ್ವಾದ ನಿನ್ನ ತಲೆಯ ಮೇಲೆ ಇದ್ದೇ ಇದೆ.

ನಿನ್ನ ಅಜ್ಜ,
ರಾವಸಾಹೇಬ

ತಾ.ಕ.: ಪತ್ರ ಮಡಚುವ ಮೊದಲು ಚುಚ್ಚಿದ ಪುಟದ ಹಿಂಬದಿಗೆ ತೆಳು ಕಾಗದ ಅಂಟಿಸೋಣವೆಂದು ಕಿಟಕಿಯ ಬೆಳಕಿಗೆ ಹಿಡಿದೆ. ಸೇತುವೆ, ಎಮ್ಮೆ, ಹೆಣ್ಣುಮಗಳು ಎಲ್ಲವೂ ಚುಕ್ಕಿ ಚುಕ್ಕಿಯಾಗಿ ಹೊಳೆದವು. ಅವಳ ತಲೆಯ ಮೇಲಿನ ಬಟ್ಟೆಯ ಗಂಟಿಗೆ ಎರಡು ತುದಿಗಳಿವೆಯಲ್ಲ, ಅದರಲ್ಲಿ ಒಂದಕ್ಕೆ ನಡುವೆ ಒಂದು ದಂಟು, ಅತ್ತಿತ್ತ ಸಣ್ಣ ನರಗಳನ್ನು ನಿನ್ನ ಸೂಜಿ ಚುಚ್ಚಿದೆ. ಬಟ್ಟೆಗೆ ನರ ಇರುವುದಿಲ್ಲ. ಅದು ಎಲೆ. ನಿನಗೆ ಸಿಕ್ಕಿತ್ತು. ಎದ್ದು ಹೋಗಿ ಟ್ರ್ಯಾಲಿ ನೋಡಿದೆ, ಅಲ್ಲಿ ಎರಡೂ ತುದಿಗೆ ಬರೀ ಬಟ್ಟೆ ಬಿಡಿಸಿದ್ದೀ. ಎಲೆ ಕಂಡಿದ್ದರೆ ನಾನು ಆಗಲೇ ಟ್ರಂಕಿಗೆ ಓಡುತ್ತಿದ್ದೆ, ತೂತು ಕಾಣುತ್ತಿತ್ತು, ಅದಕ್ಕೇ ಅಲ್ಲವೇ? ಚುಚ್ಚಿದ್ದನ್ನು ಇಂದಲ್ಲ ನಾಳೆ ಮರೆತೇನು. ಆದರೆ ಎಲೆ ಸಿಕ್ಕಾಗ ನೀನು ನನ್ನನ್ನು ಕೂಗಲಿಲ್ಲ. ದೀಪಾವಳಿಗೆ ಬಂದಾಗ ಏನೂ ತರಬೇಡ, ಹೊಸಿಲಲ್ಲಿ ನಿಂತು, ಅಂದು ಗದ್ದೆಗೆ ಓಡಿ ಬಂದು ಚೀರಿದ ಆ ಒಂದು ಮಾತು ಕೂಗು. ಅಲ್ಲಿಯವರೆಗೆ ಟ್ರಂಕಿನ ಕೀಲಿ ನನ್ನ ಉಡದಾರದಲ್ಲಿ ಇರುತ್ತದೆ.