ಕಿವಿಗೂ ಒಂದು ಪಾಲು

ವೆರಿಬೀ, ಮೆಲ್ಬರ್ನ್
೧೪ ಜೂನ್ ೨೦೨೫

ಯೋಗೀಶನ ಅಪ್ಪನವರಿಗೆ ಅನಸೂಯಾಳ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಸಿಡ್ನಿಯಲ್ಲಿ ಚಳಿ ಇಷ್ಟಿರಲಿಕ್ಕಿಲ್ಲ, ಆದರೂ ಸ್ವೆಟರ್ ಹಾಕಿಕೊಳ್ಳದೆ ವಾಕಿಂಗ್ ಹೋಗಬೇಡಿ. ಇಲ್ಲಿ ಮಗಳು ಅಹಲ್ಯಾ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಬಾಣಂತಿ ಮೆಣಸಿನ ಸಾರು ಉಂಡು ಉಂಡು ಬೇಸತ್ತಿದ್ದಾಳೆ, ನಾನು ಬಿಡುತ್ತಿಲ್ಲ. ಫೋನಿರುವಾಗ ಇವಳೇಕೆ ಕಾಗದ ಬರೆದಳು ಅಂದುಕೊಳ್ಳುತ್ತೀರಿ. ಕಳೆದ ವಾರ ಫೋನಿನಲ್ಲಿ "ಕಿವಿ ತೋರಿಸಿ" ಎಂದೆ. ನೀವು "ಕಿವಿ ತರಿಸಿ" ಎಂದು ಕೇಳಿಸಿಕೊಂಡು, ಕ್ವೇಕರ್ಸ್ ಹಿಲ್ ಅಂಗಡಿಯಿಂದ ಒಂದು ಚೀಲ ಕಿವಿ ಹಣ್ಣು ತಂದಿರಂತೆ. ಸೊಸೆ ಜ್ಯೋತ್ಸ್ನಾ ಹೇಳಿ ಹೇಳಿ ನಕ್ಕಳು. ನಾನೂ ನಕ್ಕೆ, ಆಮೇಲೆ ಬೇಜಾರಾಯಿತು.

ಈಗ ಒಂದು ಸಂತೋಷದ ವಿಷಯ. ಅಳಿಯಂದಿರು ನಿಮ್ಮ ಶಿಷ್ಯರಾಗಿದ್ದಾರೆ. ಸುದರ್ಶನ್ ತಮ್ಮ ಅಪ್ಪ ಅಮ್ಮನಿಗೆ ಹೆಲ್ತ್ ಇನ್ಶೂರೆನ್ಸ್ ಹುಡುಕುತ್ತಿದ್ದರು. ನಾನು ನಮ್ಮ ಪದ್ಧತಿ ಹೇಳಿದೆ. ಡಾಕ್ಟರಿಗೆ, ಸರ್ಕಾರಿ ಆಸ್ಪತ್ರೆಗೆ ಸರ್ಕಾರದ್ದೇ ಮೆಡಿಕೇರ್ ಇದ್ದೇ ಇದೆ. ಇನ್ಶೂರೆನ್ಸ್ ಬೇಕಾದರೆ ಖಾಸಗಿ ಆಸ್ಪತ್ರೆಗೆ ಮಾತ್ರ, ಅದೂ ಮೊದಲ ಒಂದಷ್ಟು ಖರ್ಚು ನಾವೇ ಕೊಡುತ್ತೇವೆಂದು ಒಪ್ಪಿಕೊಂಡು. ಹಾಗೆ ಒಪ್ಪಿದರೆ ಕಂತು ಇಳಿಯುತ್ತದೆ. ಉಳಿದದ್ದನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿ, ಹಲ್ಲು, ಕನ್ನಡಕ ಎಲ್ಲ ಅದರಿಂದ. ಖರ್ಚಾಗದಿದ್ದರೆ ನಮ್ಮದು ನಮ್ಮಲ್ಲೇ. ಇಲ್ಲೇ ನೆಲೆಸಲು ನಮಗೆ ಪಿಆರ್ ಬಂದ ವರ್ಷ ಯೋಗೀಶ "ಅಪ್ಪಾ, ಯಾರೂ ಹೀಗ್ ಮಾಡಲ್ಲ, ಸುಮ್ನೆ ಫುಲ್ ಕವರ್ ತಗೊಳ್ಳಿ" ಎಂದಾಗ ನೀವು "ಸಣ್ಣ ಕಾಯಿಲೆಗೆ ನಮ್ ಗಂಟು, ದೊಡ್ಡದಕ್ಕೆ ಅವರ ಗಂಟು" ಎಂದಿರಲ್ಲ, ಅದನ್ನು ಹಾಗೆಯೇ ಒಪ್ಪಿಸಿದೆ. ಸುದರ್ಶನ್ ತಲೆದೂಗಿದರು. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದ ನೀವು ಅಪರಿಚಿತ ದೇಶದಲ್ಲಿ, ಯಾರನ್ನೂ ಕೇಳದೆ ಇಷ್ಟು ಯೋಚಿಸಿದಿರಲ್ಲ ಎಂದು ನನಗೆ ಹೆಮ್ಮೆಯಾಯಿತು. ನಿಮ್ಮೆದುರು ಹೇಳಿದರೆ ಮುಖ ಊದಿಸಿಕೊಳ್ಳುತ್ತೀರಿ, ಅದಕ್ಕೆ ಇಲ್ಲಿ ಹೇಳಿದ್ದೇನೆ.

ನನ್ನ ಹಲ್ಲು ಕಟ್ಟಿಸಿದ್ದು ಆ ಖಾತೆಯಿಂದ. ಈಗ ನಿಪ್ಪಟ್ಟು ಕಡಿಯುತ್ತೇನೆ. ಕನ್ನಡಕವೂ ಅದರಿಂದಲೇ. ಆದರೆ ನಿಮಗೆಂದು ಅದರಿಂದ ಕಿವಿಗಿಡುವ ಹತ್ತಿಯೂ ಬಂದಿಲ್ಲ. ಜೀವನವಿಡೀ ಬಸ್ಸಿನ ಹಾರನ್ ಕೇಳಿದ ಕಿವಿ ಅದು. ಶಬ್ದ ಕೇಳಿಯೇ ಹರಿಹರದ್ದು ಬಂತು, ಜಗಳೂರಿನದು ಬಂತು ಅನ್ನುತ್ತಿದ್ದಿರಿ. ಈಗ ಕೇಳಿದರೆ "ನನಗೇನಾಗಿದೆ, ಈ ದೇಶದ ಜನ ಮೆಲ್ಲಗೆ ಮಾತಾಡ್ತಾರೆ ಅಷ್ಟೆ" ಅನ್ನುತ್ತೀರಿ. ನಾನೂ ಈ ದೇಶದವಳೇ? ನಮಗಿನ್ನೂ ಪಿಂಚಣಿ ಕಾರ್ಡ್ ಇಲ್ಲ, ಸರ್ಕಾರ ಪುಕ್ಕಟೆ ಕೊಡುವ ಕಿವಿಯ ಯಂತ್ರಕ್ಕೆ ಕಾಯುತ್ತ ಕೂತರೆ ವರ್ಷಗಳೇ ಬೇಕು. ಮೊನ್ನೆ ಅಹಲ್ಯಾಳ ದೊಡ್ಡವಳು ಆದ್ಯಾ ಫೋನು ಇಟ್ಟು "ತಾತ ಡಸಂಟ್ ಲೈಕ್ ಮಿ, ಅಜ್ಜಿ" ಎಂದಳು. ಅವಳು ಶಾಲೆಯ ಕಥೆಯೆಲ್ಲ ಹೇಳಿದಳಂತೆ, ನೀವು ಹಾಂ ಹಾಂ ಎಂದು ಫೋನು ಇಟ್ಟಿರಂತೆ. ತಾತನಿಗೆ ಕೇಳಿಸಿಲ್ಲ ಪುಟ್ಟಾ ಎಂದರೆ ನಂಬುತ್ತಿಲ್ಲ.

ಜ್ಯೋತ್ಸ್ನಾಗೆ, ಮಕ್ಕಳಿಗೆ ನನ್ನ ಆಶೀರ್ವಾದ. ಯೋಗೀಶನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳಿ. ನೀವು ಬಿಪಿ ಮಾತ್ರೆ ಮರೆಯಬೇಡಿ.

ನಿಮ್ಮ
ಅನಸೂಯಾ

ಮರೆತೆ: ಗುರುವಾರ ಬೆಳಿಗ್ಗೆ ಕಿವಿ ಪರೀಕ್ಷೆಗೆ ಬುಕ್ ಮಾಡಿಸಿದ್ದೇನೆ, ಯೋಗೀಶ ಕರೆದುಕೊಂಡು ಹೋಗುತ್ತಾನೆ. ಯಂತ್ರದ ಹಣ ಆ ಖಾತೆಯಿಂದಲೇ. "ಅದು ನಿನಗೆಂದು ಇಟ್ಟದ್ದು" ಎಂದು ಜಗಳ ತೆಗೆಯಬೇಡಿ, ನನಗಾಗಿಯೇ ಖರ್ಚಾಗುತ್ತಿದೆ. ಮಗನ ಮನೆಯಲ್ಲಿ ನಿಮಗೆ ಏನು ಹೇಳಬೇಕಾದರೂ ಎಲ್ಲರಿಗೂ ಕೇಳುವಂತೆ ಕೂಗಬೇಕು. ನಿಮಗೊಬ್ಬರಿಗೇ ಕೇಳಿಸುವ ಹಾಗೆ ಒಂದು ಮಾತು ಆಡಿ ಎಷ್ಟು ಕಾಲವಾಯಿತು, ಗೊತ್ತೇ?