ಚಿತ್ರದ ಕೆಳಗಿನ ಹೆಸರು

ತಡವಳ, ೧೨-೮-೧೯೫೭

ಅಕ್ಕಲಕೋಟದ ಚಿತ್ರಗಾರ ಗುರುಪಾದಪ್ಪನವರಿಗೆ ಸಾತವ್ವನ ಶರಣು.

ತೀರಿಕೊಂಡ ನಮ್ಮ ಅತ್ತೆಯ ಚಿತ್ರ ತಲುಪಿತು. ಆ ನೆಟ್ಟ ನೋಟ ಅವರದೇ. ಆದರೆ ಕೆಳಗೆ ‘ಹಣಮಂತಪ್ಪನ ಹೆಂಡತಿ’ ಎಂದು ಬರೆದಿದ್ದೀರಿ. ಸಾಲೆಯ ಗೋಡೆಗೆ ಅದನ್ನು ಹಾಗೆಯೇ ಹಾಕಲು ನಾನು ಬಿಡುವುದಿಲ್ಲ.

ಮೊದಲ ಚುನಾವಣೆಗೆ ನಮ್ಮೂರ ಹೆಂಗಸರು ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆಸಿದ್ದರು. ಸ್ವಂತ ಹೆಸರಿಲ್ಲವೆಂದು ಅಂಥವರನ್ನೆಲ್ಲ ಸರಕಾರದವರು ಪಟ್ಟಿಯಿಂದ ತೆಗೆದುಹಾಕಿದರು. ಅತ್ತೆಯೂ ಮತ ಹಾಕದೆ ಮರಳಿದರು. ಮರುದಿನದಿಂದಲೇ ಮನೆಮನೆಯ ಬಾಗಿಲಲ್ಲಿ ನಿಂತು, “ನಿನ್ನ ಹೆಸರ ಹೇಳವ್ವಾ, ಗಂಡಂದು ನನಗ್ಯಾಕ ಬೇಕು?” ಎಂದು ಐದು ವರ್ಷ ಕೇಳಿದರು. ಈ ಸಲ ನೂರ ಹನ್ನೊಂದು ಹೆಂಗಸರು ನಮ್ಮ ನಮ್ಮ ಹೆಸರಿನಲ್ಲೇ ಮತ ಹಾಕಿದೆವು.

ತಪ್ಪು ನಿಮ್ಮದಲ್ಲ. ಚಿತ್ರ ಬರೆಸಲು ಬಂದಿದ್ದ ನಮ್ಮ ಮಾವ, ನಮ್ಮ ಕಡೆಯ ರೂಢಿಯಂತೆ, ಹೆಂಡತಿಯ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. “ನೀನಽ ಬರದು ಕಳಸವ್ವಾ” ಎಂದು ಈಗ ನನಗೆ ಹೇಳಿದರು. ನಾನು ಒಪ್ಪಲಿಲ್ಲ. ಅದಕ್ಕೇ ಈ ಪತ್ರದಲ್ಲಿಯೂ ಆ ಹೆಸರಿಲ್ಲ.

ಗುರುವಾರ ಮಾವನೇ ಚಿತ್ರ ಹೊತ್ತು ಬರುತ್ತಾರೆ. ಅವರಾಗಿ ಹೇಳುವವರೆಗೆ ದಯವಿಟ್ಟು ಕುಂಚ ಮುಟ್ಟಬೇಡಿ. ಹೇಳುತ್ತಾರೆ. ಎರಡು ದಿನದಿಂದ ಕುರಿಗಳ ಮುಂದೆ ಒಬ್ಬರೇ ನಿಂತು ಅದನ್ನೇ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಾರೆ.

ಮತದಾರರ ಪಟ್ಟಿಯಲ್ಲಿಯೂ ಇದೇ ಹೆಸರಿನ,
ಸಾತವ್ವ