‘ತಾಗೈತೆ’ ಎಂದದ್ದಕ್ಕೆ ಕುಡುಕನಾದ ನನ್ನಣ್ಣ

ಕ್ಷಯವನ್ನು ಈ ಸೀಮೆಯಿಂದ ಓಡಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಅಣ್ಣ ದೊಡ್ಡಪಾಲಯ್ಯ ಹುಟ್ಟಿದಾಗಿನಿಂದ ಒಂದು ಹನಿ ಹೆಂಡ ಕುಡಿದವನಲ್ಲ. ಅವನನ್ನು ನಿಮ್ಮ ಇಲಾಖೆ ಕುಡುಕನನ್ನಾಗಿ ಮಾಡಿದೆ. ಊರಿನ ಯಾವ ಹೆಂಡದಂಗಡಿಯವರಿಗೂ ಸಾಧ್ಯವಾಗದ ಈ ಕೆಲಸವನ್ನು ನಿಮ್ಮವರು ಒಂದೇ ಒಂದು ಕ್ರಿಯಾಪದದಿಂದ ಸಾಧಿಸಿದ್ದಾರೆ. ಅಭಿನಂದನೆಗಳನ್ನು ಸ್ವೀಕರಿಸಬೇಕು.

ನಡೆದದ್ದು ಹೀಗೆ. ಅಣ್ಣನಿಗೆ ಕ್ಷಯ ಬಂತು. ನೀವು ಕೊಟ್ಟ ಮಾತ್ರೆಗಳನ್ನು ಅವನು ಪ್ರಸಾದವೆಂಬಂತೆ ತಪ್ಪದೆ ನುಂಗಿದ. ಕೆಮ್ಮು ಇಳಿಯಿತು, ಆದರೆ ಕಣ್ಣು ಹಳದಿಯಾಯಿತು, ಮುದ್ದೆ ಕಂಡರೆ ವಾಂತಿ ಬರತೊಡಗಿತು. ಮೊಳಕಾಲ್ಮುರು ಕಡೆಯ ನಿಮ್ಮ ಆಸ್ಪತ್ರೆಗೆ ಹೋಗಿ ಅವನು ಹೇಳಿದ್ದು ಒಂದೇ ಮಾತು: “ಮಾತ್ರೆ ತಾಗೈತೆ ಸಾರ್.” ಗಾಳಿ ತಾಗಿತು, ಬಿಸಿಲು ತಾಗಿತು, ದೃಷ್ಟಿ ತಾಗಿತು ಎನ್ನುವ ಯಾವ ಕನ್ನಡಿಗನಿಗೂ, ಮಾತ್ರೆ ಮೈಗೆ ಕೆಡುಕು ಮಾಡಿದೆ ಎಂಬ ಇದರ ಅರ್ಥ ತಿಳಿಯಬೇಕು. ಆದರೆ ಅಲ್ಲಿ ಕೂತಿದ್ದ ನಿಮ್ಮ ಆಪ್ತ ಸಲಹೆಗಾರರು ಎರಡು ಭಾಷೆಯ ಪಂಡಿತರು. ದನ ಸಾಕುವ ಮ್ಯಾಸಬೇಡರಾದ ನಮ್ಮ ಹಟ್ಟಿಯಲ್ಲಿ ಮನೆಮಾತು ತೆಲುಗು, ತೆಲುಗಿನಲ್ಲಿ ‘ತಾಗು’ ಎಂದರೆ ಕುಡಿ. ರೋಗಿ ತಾನಾಗಿಯೇ ಒಪ್ಪಿಕೊಂಡನಲ್ಲ ಎಂದು ಹಿಗ್ಗಿ ‘ಮದ್ಯವ್ಯಸನಿ’ ಎಂದು ಬರೆದುಕೊಂಡರು. ರಕ್ತ ಪರೀಕ್ಷಿಸಿದಾಗ ಲಿವರ್ ಕೆಟ್ಟಿತ್ತು. ಅದೇ ಕುಡಿತಕ್ಕೆ ಸಾಕ್ಷಿಯೂ ಆಯಿತು. ಶಾಲೆಯಲ್ಲಿ ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನಗೆ ವ್ಯಾಕರಣ ಇಷ್ಟು ಅಪಾಯಕಾರಿ ಎಂದು ಗೊತ್ತಿರಲಿಲ್ಲ.

ನಾವು ಈಚಲು ಮರದ ನೆರಳಿಗೂ ಹೋಗದ ಜನ ಎಂದು ಅಣ್ಣ ಅಂಗಲಾಚಿದ. ಎಲ್ಲ ಕುಡುಕರೂ ಹಾಗೇ ಹೇಳುತ್ತಾರೆ ಎಂದು ಉತ್ತರ ಬಂತು. ನಿಜ ಹೇಳುವುದೇ ರೋಗಲಕ್ಷಣವಾದರೆ ರೋಗಿ ಬಾಯಿ ಬಿಡುವುದು ಹೇಗೆ, ಸ್ವಾಮಿ? ಚಳ್ಳಕೆರೆಯ ವ್ಯಸನಮುಕ್ತಿ ಶಿಬಿರಕ್ಕೆ ಅವನನ್ನು ಕಳಿಸಿದಿರಿ. ಕುಡಿತ ಹೇಗೆ ಶುರುವಾಯಿತೆಂದು ಎಲ್ಲರೂ ಹೇಳಿಕೊಂಡು ಅತ್ತರಂತೆ. ಇವನ ಸರದಿ ಬಂದಾಗ ಹೇಳಲು ಏನೂ ಇಲ್ಲದೆ, ಕಳೆದುಹೋದ ಕುರಿಯೊಂದನ್ನು ಹುಡುಕಿದ ಕಥೆ ಹೇಳಿದನಂತೆ. ಪಕ್ಕದಲ್ಲಿದ್ದ ಅಸಲಿ ಕುಡುಕ ಕನಿಕರಪಟ್ಟು ತನ್ನ ಕಥೆಯಲ್ಲೇ ಅರ್ಧ ಕೊಡಲು ಮುಂದಾದನಂತೆ. ಕೊನೆಗೆ, ಕುಡಿತ ಬಿಟ್ಟೆನೆಂದು ಬರೆದುಕೊಟ್ಟರಷ್ಟೇ ಮುಂದಿನ ಚಿಕಿತ್ಸೆ ಎಂದಿರಿ. ಸಾಯುವುದಕ್ಕಿಂತ ಲೇಸೆಂದು ಅಣ್ಣ ರುಜು ಹಾಕಿದ. ಇಷ್ಟರ ನಡುವೆಯೂ ಆ ಮಾತ್ರೆ ಮಾತ್ರ ನಿಲ್ಲಲಿಲ್ಲ.

ಸುದ್ದಿ ಹಟ್ಟಿ ಮುಟ್ಟಿತು. ದೇವರ ಎತ್ತು ಕಾಯುವ ಮನೆಯವನು ಕುಡಿದ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಹಿರಿಯರಾದ ಪಾತಣ್ಣನವರು ಅವನನ್ನು ಕರೆಸಿ, ಎಲ್ಲರೆದುರು ಕೇಳಿದರು: “ಕುಡುದೇ ಇಲ್ಲ ಅಂತೀಯಾ. ಹಂಗಾದ್ರೆ ಬಿಟ್ಟೆ ಅಂತ ಯಾಕಲೇ ಬರ್ಕೊಟ್ಟೆ?”

ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದೆಯೇ? ಅಣ್ಣ ನಿಂತಲ್ಲೇ ಕುಸಿದು ಬಿದ್ದ. ಅವನನ್ನು ದಾವಣಗೆರೆಗೆ ಸಾಗಿಸಿದೆವು.

ಅಲ್ಲಿನ ವೈದ್ಯೆ ಮೊದಲು ಮಾತ್ರೆ ನಿಲ್ಲಿಸಿದರು, ಆಮೇಲೆ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಕ್ಷಯದ ಮಾತ್ರೆಗಳಲ್ಲಿ ಒಂದನ್ನು ಕೆಲವರ ದೇಹ ಹುಟ್ಟಿನಿಂದಲೇ ನಿಧಾನವಾಗಿ ಅರಗಿಸುತ್ತದಂತೆ. ಅದು ತಂದೆತಾಯಿಯಿಂದ ಬಂದ ವಂಶವಾಹಿಯ ಗುಣ. ಅಂಥವರಲ್ಲಿ ಕೆಲವರ ಲಿವರಿಗೆ ಆ ಮಾತ್ರೆಯೇ ವಿಷವಾಗಬಹುದು. ಔಷಧ ಬದಲಿಸಿ ಕ್ಷಯವನ್ನೂ ವಾಸಿ ಮಾಡಿದರು. ಅಣ್ಣ ಬದುಕಿದ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ, ಅತ್ತು ಮುಗಿದ ಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ನಮ್ಮ ದನ ಮೇಯುತ್ತಿದ್ದ ಕುದಾಪುರದ ಹುಲ್ಲುಗಾವಲಿನಲ್ಲಿ ಈಗ ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳೆದ್ದು, ಬೇಲಿಯೊಳಗೆ ವಿಜ್ಞಾನ ಹುಲುಸಾಗಿ ಬೆಳೆದಿದೆ. ಅದರಲ್ಲಿ ಒಂದು ಹಿಡಿಯಷ್ಟನ್ನಾದರೂ ಬೇಲಿಯಾಚೆಯ ನಮ್ಮ ಆಸ್ಪತ್ರೆಗೆ ಎಸೆಯಬಾರದಿತ್ತೇ?

ಈಗ ನನ್ನ ವಿಷಯ. ನನಗೂ ಕ್ಷಯವಿದೆಯೆಂದು ಗೊತ್ತಾಗಿದೆ. ಅದೇ ಅವ್ವ, ಅದೇ ಅಪ್ಪ. ಅಣ್ಣನ ಗುಣ ನನಗೂ ಇರಬಹುದು, ಇಲ್ಲದಿರಬಹುದು, ರಕ್ತ ನೋಡುತ್ತಲೇ ಇರಬೇಕು ಎಂದು ಆ ವೈದ್ಯೆ ಎಚ್ಚರಿಸಿದ್ದಾರೆ. ನಾನು ಮಾತ್ರೆ ಬೇಡವೆನ್ನುತ್ತಿಲ್ಲ. ಕ್ಷಯ ಕೊಲ್ಲುತ್ತದೆಂದು ಬಲ್ಲೆ, ಮನೆಯಲ್ಲಿ ಈಗಷ್ಟೇ ಮಾತು ಕಲಿಯುತ್ತಿರುವ ಮಗಳಿದ್ದಾಳೆ. ನನಗೆ ಭಯವಾಗುತ್ತಿದೆ. ಮಾತ್ರೆಗೆ ಮೊದಲು ಒಮ್ಮೆ, ಆಮೇಲೆ ಆಗಾಗ ಲಿವರ್ ಪರೀಕ್ಷೆ ಮಾಡಿ ಎಂದಷ್ಟೇ ಕೇಳಿದೆ. ಅದೇ ಸಲಹೆಗಾರರು ಅಕ್ಕರೆಯಿಂದಲೇ ಹೇಳಿದರು: “ಅದು ಕುಡಿಯೋರಿಗೆ ಮಾಡ್ತೀವಿ ಮೇಡಂ. ನೀವು ಕುಡಿಯಲ್ವಲ್ಲ.” ಅಣ್ಣನ ಕಥೆ ನೆನಪಿಸಿದೆ. ನಿಮ್ಮಣ್ಣ ಕುಡಿಯುತ್ತಿದ್ದರಲ್ಲ ಎಂದರು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ನನ್ನನ್ನೂ ಕುಡುಕಿ ಎಂದು ಬರೆದುಕೊಳ್ಳಿ. ಯಾವಾಗ ಶುರುಮಾಡಿದೆ, ಯಾರ ಸಹವಾಸ, ಎಲ್ಲವನ್ನೂ ನಿಮಗೆ ಬೇಕಾದಂತೆ ತುಂಬಿಕೊಳ್ಳಿ, ಕಣ್ಣು ಮುಚ್ಚಿ ರುಜು ಹಾಕುತ್ತೇನೆ. ಹಟ್ಟಿಯವರು ಹೊರಗಿಟ್ಟರೆ ಹೊರಗೇ ಇರುತ್ತೇನೆ, ಹೊರಗಿರುವುದಕ್ಕಾದರೂ ಬದುಕಿರಬೇಕಲ್ಲ. ಸೋಮವಾರದಿಂದ ಮಾತ್ರೆ ಶುರು. ಅಷ್ಟರೊಳಗೆ ನನ್ನ ರಕ್ತ ತೆಗೆಯಿರಿ.

ಇಂತಿ,
ಕುಡಿಯಲು ಒಲ್ಲದ, ಕುಡುಕಿಯಾಗಲು ಒಪ್ಪಿರುವ
ರೂಪ, ಕನ್ನಡ ಶಿಕ್ಷಕಿ
ಮೊಳಕಾಲ್ಮುರು ತಾಲ್ಲೂಕು